ಭೂಮಿಯ ಚಿತ್ರ, ನಮ್ಮೂರಿನ ನಕ್ಷೆ

ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಶಾಲೆಯಿಂದ ಗುರುಗಳು ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದೆ. ಪರದೆಯ ಮೇಲೆ ಒಂದು ನಕ್ಷೆ ಇತ್ತು. ಜನರು ಬರೆದು ಕೊಟ್ಟ ವಿಳಾಸವನ್ನು ನಕ್ಷೆಯ ಮೇಲೆ ಒಂದು ಚುಕ್ಕೆಯಾಗಿ ತೋರಿಸುವ ತಂತ್ರಾಂಶ ಬರೆಯುವುದು ಈಗ ನನ್ನ ಹೊಟ್ಟೆಪಾಡು. ಫೋನ್ ಇಟ್ಟ ಮೇಲೆ ನೆನಪಾದದ್ದು ನಮ್ಮ ಎಂಟನೇ ತರಗತಿಯ ಒಂದು ದಿನ.

ಅಂದು ಸಮಾಜ ವಿಜ್ಞಾನದ ಗುರುಗಳು, ‘ನಾಳೆ ಬರುವಾಗ ಎಲ್ಲಾರೂ ನಮ್ಮ ಊರಿನ ನಕ್ಷೆ ಬರಕೊಂಡು ಬರ್ರಿ’ ಎಂದಿದ್ದರು. ಮರುದಿನ ನಾವು ಒಪ್ಪಿಸಿದ ಹಾಳೆಗಳಲ್ಲಿ ಒಂದರಂತೆ ಇನ್ನೊಂದು ಇರಲಿಲ್ಲ. ನನ್ನ ನಕ್ಷೆಯ ನಡುವೆ ನಮ್ಮ ಮನೆ ಇತ್ತು. ಅದು ಅಂಜನಾದ್ರಿ ಬೆಟ್ಟದಷ್ಟೇ ದೊಡ್ಡದಿತ್ತು. ಹರಿಗೋಲು ಹಾಕುವವರ ಮನೆಯ ಹುಡುಗ ಅರ್ಧ ಹಾಳೆ ಹೊಳೆಯನ್ನೇ ಬರೆದು, ನೀರೊಳಗಿನ ಬಂಡೆಗಳನ್ನೆಲ್ಲ ಗುರುತು ಮಾಡಿದ್ದ. ಗದ್ದೆ ಕೆಲಸಕ್ಕೆ ಹೋಗುತ್ತಿದ್ದ ತಾಯಿಯ ಮಗಳೊಬ್ಬಳು ಕಾಲುವೆ, ತೂಬು, ಬದುಗಳನ್ನು ಬರೆದಿದ್ದಳು. ಅವಳ ನಕ್ಷೆಯಲ್ಲಿ ಬೆಟ್ಟವೇ ಇರಲಿಲ್ಲ. ಗುರುಗಳು ಎಲ್ಲವನ್ನೂ ಗೋಡೆಗೆ ಅಂಟಿಸಿ ಹೇಳಿದರು: ‘ಇವೆಲ್ಲಾ ಸರಿ ಅದಾವ. ಆದ್ರ ಒಂದಕ್ಕೊಂದು ಕೂಡಂಗಿಲ್ಲ. ಯಾಕ ಹೇಳ್ರಿ?’

ಅಂದು ನಮಗೆ ಉತ್ತರ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಆದ ಮೇಲೆ, ನಕ್ಷೆಯನ್ನೇ ವೃತ್ತಿ ಮಾಡಿಕೊಂಡವನಾಗಿ, ತಡವಾದ ಹೋಂವರ್ಕಿನಂತೆ ಈ ಲೇಖನವನ್ನು ಒಪ್ಪಿಸುತ್ತಿದ್ದೇನೆ.

ದಿಕ್ಕುಗಳ ಹೆಸರು

ಕಾಗದದ ಮೇಲೆ ಗೆರೆ ಎಳೆಯುವುದಕ್ಕೆ ಬಹಳ ಮೊದಲೇ ಮನುಷ್ಯ ಮಾತಿನಲ್ಲಿ ನಕ್ಷೆ ಮಾಡಿಕೊಂಡಿದ್ದ. ನಮ್ಮ ಕನ್ನಡದ ದಿಕ್ಕುಗಳನ್ನೇ ನೋಡಿ. ಸೂರ್ಯ ಮೂಡುವ ಕಡೆ ಮೂಡಣ. ಸೂರ್ಯ ಪಡುವ, ಎಂದರೆ ಮುಳುಗುವ, ಕಡೆ ಪಡುವಣ. ದಿಕ್ಸೂಚಿ ಇಲ್ಲದ ಒಕ್ಕಲಿಗನಿಗೆ ಆಕಾಶವೇ ದಿಕ್ಸೂಚಿ.

ಆದರೆ ದಿನನಿತ್ಯ ನಾವು ಆ ಮಾತುಗಳನ್ನೂ ಹೆಚ್ಚು ಬಳಸುವುದಿಲ್ಲ. ‘ಹೊಳಿ ಕಡೆ ಹೋಗ್ಯಾನ’, ‘ಗುಡ್ಡದ ಕಡೆ ಮೇಯಾಕ ಬಿಟ್ಟೈತಿ’ ಎನ್ನುತ್ತೇವೆ. ನಮ್ಮೂರಿನಲ್ಲಿ ಹೊಳೆ ಕಡೆ ಎಂದರೆ ದಕ್ಷಿಣ. ಅದೇ ತುಂಗಭದ್ರೆಯ ಆಚೆ ದಡದ ಹಂಪಿಯಲ್ಲಿ ನಿಂತವನಿಗೆ ಹೊಳೆ ಕಡೆ ಎಂದರೆ ಉತ್ತರ. ಮಾತು ಒಂದೇ, ಹೊಳೆ ಒಂದೇ, ದಿಕ್ಕು ಮಾತ್ರ ತಿರುಗುಮುರುಗು. ನಮ್ಮ ಗುರುಗಳ ಪ್ರಶ್ನೆಗೆ ಉತ್ತರದ ಮೊದಲ ತುಣುಕು ಇಲ್ಲಿದೆ. ನಕ್ಷೆ ನೋಡುವಾಗ, ಬರೆದವನು ಎಲ್ಲಿ ನಿಂತಿದ್ದ ಎಂದು ಮೊದಲು ಕೇಳಬೇಕು.

ಇದು ನಮ್ಮ ಹಳ್ಳಿಗರ ಅಜ್ಞಾನವೇನಲ್ಲ. ಕ್ರಿ.ಪೂ. 6ನೇ ಶತಮಾನದ ಸುಮಾರಿಗೆ ಬ್ಯಾಬಿಲೋನಿನವರು ಮಣ್ಣಿನ ಹಲಗೆಯ ಮೇಲೆ ಕೊರೆದ ಜಗತ್ತಿನ ನಕ್ಷೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಬ್ಯಾಬಿಲೋನ್ ಒಳಗಿದೆ, ಸುತ್ತ ದುಂಡಗೆ ಸಮುದ್ರ. ಸುಮಾರು 1300ರಲ್ಲಿ ಇಂಗ್ಲೆಂಡಿನ ಹಿಯರ್‌ಫರ್ಡ್‌ನಲ್ಲಿದ್ದ ನಕ್ಷೆಗೆ ಜೆರುಸಲೇಮ್ ನಡುಕೇಂದ್ರ, ಪೂರ್ವ ದಿಕ್ಕು ಮೇಲೆ. 1154ರಲ್ಲಿ ಸಿಸಿಲಿಯ ದೊರೆಗಾಗಿ ಅಲ್ ಇದ್ರಿಸಿ ಮಾಡಿದ ನಕ್ಷೆಯಲ್ಲಿ ದಕ್ಷಿಣ ಮೇಲೆ. ಉತ್ತರ ಮೇಲಿರಬೇಕೆಂಬುದು ಭೂಮಿ ಮಾಡಿದ ನಿಯಮವಲ್ಲ. ನಮ್ಮ ತರಗತಿಯ ಗೋಡೆಗೆ ಬರುವ ಹೊತ್ತಿಗೆ ರೂಢಿಯಾಗಿದ್ದ ಪದ್ಧತಿ.

ಅಜ್ಜಿಯ ಭೂಮಿ, ಪಂಡಿತರ ಭೂಮಿ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ನಾನಾಗ ಚಿಕ್ಕವನು. ರೇಡಿಯೊದಲ್ಲಿ ಸುದ್ದಿ ಕೇಳಿದ ನಮ್ಮ ಅಜ್ಜಿ, ‘ಆದಿಶೇಷ ಹೆಡಿ ಬದಲ್ ಮಾಡ್ಯಾನ’ ಎಂದದ್ದು ಮನೆಯಲ್ಲಿ ಇಂದಿಗೂ ನೆನಪು ಮಾಡಿಕೊಳ್ಳುವ ಮಾತು. ಮುಂದೆ ಶಾಲೆಯಲ್ಲಿ ಭೂಮಿಯ ಪದರಗಳ ಪಾಠ ಕೇಳಿ ಬಂದು ಅಜ್ಜಿಯನ್ನು ತಿದ್ದಲು ಹೋದೆ. ಅವಳು ನಕ್ಕು, ‘ನಿಮ್ಮ ಪದರ ಅಳ್ಳಾಡಿದ್ರೂ ಮನಿ ಬೀಳತಾವ, ನನ್ನ ಶೇಷ ಅಳ್ಳಾಡಿದ್ರೂ ಮನಿ ಬೀಳತಾವ. ಗೋಡಿ ಗಟ್ಟಿ ಕಟ್ಟಾಕ ಕಲೀರಿ’ ಎಂದಳು.

ಅಜ್ಜಿಯ ಭೂಮಿ ಪುರಾಣದ ಭೂಮಿ. ನಡುವೆ ಮೇರು ಪರ್ವತ, ಅದರ ಸುತ್ತ ಜಂಬೂದ್ವೀಪ, ಅದರಾಚೆ ಒಂದರ ಹಿಂದೊಂದು ಆರು ದ್ವೀಪಗಳು. ನಡುನಡುವೆ ಉಪ್ಪುನೀರು, ಕಬ್ಬಿನ ಹಾಲು, ಮದ್ಯ, ತುಪ್ಪ, ಮೊಸರು, ಹಾಲು, ಸಿಹಿನೀರು ಎಂಬ ಏಳು ಸಮುದ್ರಗಳು. ಜೈನರೂ ಜಂಬೂದ್ವೀಪವನ್ನು ಒಂದು ಲಕ್ಷ ಯೋಜನ ಅಗಲದ ದುಂಡು ತಟ್ಟೆಯಂತೆ ಕಂಡರು. ಚಾವುಂಡರಾಯನ ಗುರು ನೇಮಿಚಂದ್ರರ ‘ತ್ರಿಲೋಕಸಾರ’ದಲ್ಲಿ ಈ ಲೋಕದ ಅಳತೆಗಳ ಲೆಕ್ಕ ವಿವರವಾಗಿದೆ. ಒಂದು ಕಾಲಕ್ಕೆ ಜೈನರ ಮಹಾತೀರ್ಥವಾಗಿದ್ದ ಕೊಪಣ, ಎಂದರೆ ನಮ್ಮ ಕೊಪ್ಪಳ, ಇಂಥ ಲೋಕವನ್ನು ನಂಬಿದವರ ಊರು.

ಜಂಬೂದ್ವೀಪ ಎಂಬ ಹೆಸರು ನಮ್ಮ ನೆಲದಲ್ಲಿ ಎಷ್ಟು ಹಳೆಯದು ಗೊತ್ತೇ? ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳಿವೆ. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ. ಗವಿಮಠದ ಶಾಸನದಲ್ಲಿ ಚಕ್ರವರ್ತಿ ತನ್ನ ನಾಡನ್ನು ಕರೆದಿರುವ ಹೆಸರೇ ‘ಜಂಬುದೀಪ’. ಪಾಟಲಿಪುತ್ರದಲ್ಲಿ ಕುಳಿತ ದೊರೆಯ ಮನಸ್ಸಿನ ಭೂಪಟ ನಮ್ಮ ಜಿಲ್ಲೆಯ ಬಂಡೆಯ ಮೇಲೆ ಒಂದು ಶಬ್ದವಾಗಿ ಇಂದಿಗೂ ಕುಳಿತಿದೆ. ಶಾಲಾ ಪ್ರವಾಸದಲ್ಲಿ ಗವಿಮಠಕ್ಕೆ ಹೋಗಿದ್ದ ನಾವು ಜಾತ್ರೆಯ ಮಾತಾಡಿಕೊಂಡು ಬಂದೆವು. ಆ ಶಬ್ದವನ್ನು ಹುಡುಕಬೇಕೆಂದು ನಮಗೆ ಹೊಳೆಯಲಿಲ್ಲ.

ಮನೆಯಲ್ಲಿ ಪೂಜೆ ನಡೆದಾಗ ಪುರೋಹಿತರು ಸಂಕಲ್ಪ ಹೇಳುವುದನ್ನು ಗಮನಿಸಿರಬಹುದು. ಅವರು ಜಂಬೂದ್ವೀಪದಿಂದ ಶುರುಮಾಡಿ, ಭರತವರ್ಷಕ್ಕೆ ಇಳಿದು, ಮೇರುವಿನ ದಕ್ಷಿಣ ಭಾಗಕ್ಕೆ ಬಂದು, ನದಿಯ ದಡವನ್ನು ಹೇಳಿ, ಕೊನೆಗೆ ಪೂಜೆಗೆ ಕುಳಿತವರ ಗೋತ್ರ, ಹೆಸರಿಗೆ ಬರುತ್ತಾರೆ. ನಾವು ಅಂಚೆ ಲಕೋಟೆಯ ಮೇಲೆ ಹೆಸರಿನಿಂದ ದೇಶದತ್ತ ಹೋದರೆ, ಸಂಕಲ್ಪ ಲೋಕದಿಂದ ಮನೆಯತ್ತ ಬರುತ್ತದೆ. ಕಂಪ್ಯೂಟರಿನಲ್ಲಿ ಒಂದು ಕಡತದ ವಿಳಾಸವನ್ನು ಬರೆಯುವ ಕ್ರಮವೂ ಹೀಗೆಯೇ, ದೊಡ್ಡದರಿಂದ ಚಿಕ್ಕದಕ್ಕೆ. ಇದನ್ನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಡು ನನಗೆ ನಗು ಬಂದಿತ್ತು.

ಹಾಗೆಂದು ನಮ್ಮ ಹಿರಿಯರೆಲ್ಲ ಭೂಮಿಯನ್ನು ತಟ್ಟೆ ಎಂದೇ ನಂಬಿದ್ದರು ಎಂದಲ್ಲ. ‘ಭೂಗೋಳ’ ಎಂಬ ಪಾಠದ ಹೆಸರಿನಲ್ಲೇ ಗೋಳವಿದೆ. 499ರಲ್ಲಿ ‘ಆರ್ಯಭಟೀಯ’ ಬರೆದ ಆರ್ಯಭಟ ಭೂಮಿಯನ್ನು ಗೋಳವೆಂದೇ ಹೇಳಿ, ಅದರ ವ್ಯಾಸ 1050 ಯೋಜನ ಎಂದು ಲೆಕ್ಕ ಕೊಟ್ಟ. ಭೂಮಿ ತನ್ನ ಸುತ್ತ ತಿರುಗುತ್ತದೆ ಎನ್ನುವುದಕ್ಕೆ ಅವನು ಕೊಟ್ಟ ಹೋಲಿಕೆ ನಮ್ಮ ಊರಿನವರಿಗೆ ಕೂಡಲೇ ಅರ್ಥವಾಗುವಂಥದ್ದು: ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡವೇ ಹಿಂದೆ ಸರಿದಂತೆ ಕಾಣುವ ಹಾಗೆ, ನಮಗೆ ನಕ್ಷತ್ರಗಳು ಪಡುವಣಕ್ಕೆ ಸರಿದಂತೆ ಕಾಣುತ್ತವೆ. 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದ ಭಾಸ್ಕರಾಚಾರ್ಯ ಆದಿಶೇಷನ ಪ್ರಶ್ನೆಯನ್ನೇ ಎತ್ತಿಕೊಂಡ. ಭೂಮಿಯನ್ನು ಯಾರೋ ಹೊತ್ತಿದ್ದರೆ ಅವರನ್ನು ಹೊತ್ತವರು ಯಾರು, ಅವರನ್ನು ಹೊತ್ತವರು ಯಾರು ಎಂದು ಕೇಳುತ್ತ ಹೋದರೆ ಕೊನೆಯೇ ಇಲ್ಲ ಎಂದ. ದುಂಡಗಿದ್ದರೆ ಚಪ್ಪಟೆ ಯಾಕೆ ಕಾಣುತ್ತದೆ ಎಂಬುದಕ್ಕೂ ಅವನಲ್ಲಿ ಉತ್ತರವಿತ್ತು: ದೊಡ್ಡ ವೃತ್ತದ ಸಣ್ಣ ತುಂಡು ನೇರವಾಗಿಯೇ ಕಾಣುತ್ತದೆ.

ಎರಡು ಭೂಮಿಗಳೂ ಒಂದೇ ಸಮಾಜದಲ್ಲಿ ನೂರಾರು ವರ್ಷ ಒಟ್ಟಿಗೆ ಬದುಕಿದವು. ಗ್ರಹಣದ ಲೆಕ್ಕಕ್ಕೆ ಗೋಳದ ಭೂಮಿ, ವ್ರತದ ಸಂಕಲ್ಪಕ್ಕೆ ಮೇರುವಿನ ಭೂಮಿ. ಒಂದು ಅಳತೆಗೆ, ಇನ್ನೊಂದು ಅರ್ಥಕ್ಕೆ.

ಮಾತಿನಲ್ಲಿ ಎಳೆದ ಗಡಿ

ನಮ್ಮ ನಾಡಿನ ಮೊದಲ ನಕ್ಷೆಯೂ ಮಾತಿನದೇ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ, ರಚನೆಯಾದ ‘ಕವಿರಾಜಮಾರ್ಗ’ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಇದೆ ಎಂದು ಹೇಳುವುದು ಎಲ್ಲರಿಗೂ ಗೊತ್ತು. ಅದಾದ ಮೇಲೆ ಬರುವ ಮಾತನ್ನು ನಾವು ಕೊಪ್ಪಳ ಜಿಲ್ಲೆಯವರು ಮರೆಯಬಾರದು. ಕನ್ನಡದ ತಿರುಳು ಇರುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವೆ ಎಂದು ಆ ಗ್ರಂಥ ಹೇಳುತ್ತದೆ. ಕಿಸುವೊಳಲು ಇಂದಿನ ಪಟ್ಟದಕಲ್ಲು, ಪುಲಿಗೆರೆ ಲಕ್ಷ್ಮೇಶ್ವರ, ಕೊಪಣ ನಮ್ಮ ಜಿಲ್ಲಾ ಕೇಂದ್ರ. ನದಿಗಳಿಂದ ಹೊರಗಿನ ಅಂಚು, ಊರುಗಳಿಂದ ಒಳಗಿನ ತಿರುಳು. ಒಂದು ಗೆರೆಯನ್ನೂ ಎಳೆಯದೆ ಮಾಡಿದ ನಕ್ಷೆ ಇದು.

ರೈತರ ಮಟ್ಟದಲ್ಲೂ ಹೀಗೆಯೇ. ಹಳೆಯ ದಾನಶಾಸನಗಳಲ್ಲಿ ಭೂಮಿ ಕೊಡುವಾಗ ನಾಲ್ಕೂ ಕಡೆಯ ಎಲ್ಲೆಯನ್ನು ಹೇಳುತ್ತಾರೆ. ಮೂಡಲು ನಟ್ಟ ಕಲ್ಲು, ತೆಂಕಲು ಹಳ್ಳ, ಪಡುವಲು ಹುತ್ತ, ಬಡಗಲು ಹುಣಸೆ ಮರ, ಈ ಬಗೆಯಲ್ಲಿ. ಇಂದಿಗೂ ನೋಂದಣಿ ಕಚೇರಿಯಲ್ಲಿ ಖರೀದಿ ಪತ್ರ ಬರೆಸುವಾಗ ‘ಚಕ್ಕುಬಂದಿ’ ಬರೆಸುತ್ತೇವೆ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ದಾರಿ. ಸಾವಿರ ವರ್ಷದ ಹಿಂದಿನ ಶಾಸನ ಬರೆದವನು ಇಂದಿನ ಬಾಂಡ್ ಬರಹಗಾರನ ಪಕ್ಕ ಕುಳಿತರೆ ಅವನಿಗೆ ಈ ಒಂದು ಭಾಗವಾದರೂ ಪೂರಾ ತಿಳಿಯುತ್ತದೆ.

ಕಥೆಯ ನಕ್ಷೆ, ಕಲ್ಲಿನ ಪಟ್ಟಣ

ನಮ್ಮೂರಿನ ಹೆಸರೇ ಒಂದು ನಕ್ಷೆಯ ಗುರುತು. ಇಲ್ಲಿನ ಬಂಡೆಗಳ ಮೇಲೆ ನಮ್ಮ ಹಿರಿಯರು ಇಡೀ ಕಿಷ್ಕಿಂಧೆಯನ್ನು ಹರಡಿಟ್ಟಿದ್ದಾರೆ. ಹನುಮಂತ ಹುಟ್ಟಿದ್ದು ಅಂಜನಾದ್ರಿ. ಶಬರಿ ಕಾದದ್ದು ಪಂಪಾ ಸರೋವರದ ಬಳಿ. ವಾಲಿ ಕಾಲಿಡಲಾರದ ಬೆಟ್ಟ ಮಾತಂಗ. ಮಳೆಗಾಲ ಕಳೆಯುವವರೆಗೆ ರಾಮ ತಂಗಿದ್ದು ಮಾಲ್ಯವಂತ. ಬಂಡೆಯ ಮೇಲಿನ ಬಿಳಿ ಪಟ್ಟೆ ಸೀತೆಯ ಸೆರಗು. ಓದು ಬರಹ ಬಾರದ ನಮ್ಮ ಅಜ್ಜಿ ಈ ಕಥೆಯನ್ನು ಹಿಡಿದುಕೊಂಡೇ ಹೊಳೆಯ ಎರಡೂ ದಡಗಳಲ್ಲಿ ದಾರಿ ತಪ್ಪದೆ ಓಡಾಡುತ್ತಿದ್ದಳು.

ವಿಜಯನಗರದ ಅರಸರು ಈ ಕಥೆಯ ನಕ್ಷೆಯ ಮೇಲೆಯೇ ರಾಜಧಾನಿಯನ್ನು ಕಟ್ಟಿಸಿದರು. 1980ರ ದಶಕದಲ್ಲಿ ಜಾನ್ ಫ್ರಿಟ್ಜ್, ಜಾರ್ಜ್ ಮಿಚೆಲ್ ಮತ್ತು ನಮ್ಮವರೇ ಆದ ಎಂ.ಎಸ್. ನಾಗರಾಜರಾವ್ ಹಂಪಿಯ ಅರಮನೆ ಪ್ರದೇಶವನ್ನು ಅಳೆದು ನಕ್ಷೆ ಮಾಡಿದಾಗ ಒಂದು ಸಂಗತಿ ಎದ್ದು ಕಂಡಿತು. ಹಜಾರ ರಾಮ ಎಂದು ನಾವು ಕರೆಯುವ ರಾಮಚಂದ್ರ ದೇವಾಲಯದಿಂದ ಉತ್ತರಕ್ಕೆ ನೇರ ಗೆರೆ ಎಳೆದರೆ ಅದು ಮಾತಂಗ ಬೆಟ್ಟದ ತುದಿಗೆ ಹೋಗಿ ಮುಟ್ಟುತ್ತದೆ. ಅರಮನೆ ಪ್ರದೇಶದ ದಾರಿಗಳು ಈ ದೇವಾಲಯದ ಸುತ್ತ ಹೊಂದಿಕೊಂಡಿವೆ. ಅರಸನ ಪಟ್ಟಣಕ್ಕೆ ರಾಮನ ಗುಡಿ ನಡುಗೂಟ.

ಹನುಮಂತನ ಜನ್ಮಸ್ಥಳ ಇನ್ನೂ ಕೆಲವು ಕಡೆ ಇದೆ ಎನ್ನುತ್ತಾರೆ. 2021ರಲ್ಲಿ ತಿರುಮಲ ತಿರುಪತಿ ದೇವಸ್ಥಾನವು ತಿರುಮಲದ ಅಂಜನಾದ್ರಿಯೇ ಅದು ಎಂದು ಘೋಷಿಸಿದಾಗ ನಮ್ಮ ಊರಿನವರಿಗೆ ನೋವಾಯಿತು, ಪತ್ರಿಕೆಗಳಲ್ಲಿ ಚರ್ಚೆಯೂ ಆಯಿತು. ನಾಸಿಕದ ಕಡೆಯವರಿಗೆ ಅವರ ಅಂಜನೇರಿ ಇದೆ. ಇದನ್ನು ಜಿಪಿಎಸ್ ಹಿಡಿದು ತೀರ್ಮಾನಿಸಲು ಬರುವುದಿಲ್ಲ. ಭಕ್ತಿಯ ನಕ್ಷೆಯಲ್ಲಿ ಒಂದೇ ಬೆಟ್ಟ ಹಲವು ಕಡೆ ಇರಬಹುದು. ನಮ್ಮ ಬೆಟ್ಟದ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಬರುವವರ ಉಸಿರಿಗೆ ಯಾರ ಪ್ರಮಾಣಪತ್ರವೂ ಬೇಕಾಗಿಲ್ಲ.

ಹೊರಗಿನವರ ಕಣ್ಣು

1443ರಲ್ಲಿ ಹೆರಾತಿನ ಸುಲ್ತಾನ ಶಾರುಖನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್, ವಿಜಯನಗರಕ್ಕೆ ಒಂದರೊಳಗೊಂದು ಏಳು ಕೋಟೆಗಳಿವೆ ಎಂದು ಬರೆದ. ತನ್ನ ಊರು ಹೆರಾತಿನ ಕೋಟೆಗೆ ಹೋಲಿಸಿಯೇ ಅವನು ಅದನ್ನು ವಿವರಿಸಿದ. ಇಂದು ಉಳಿದಿರುವ ಗೋಡೆಗಳು ಬಂಡೆಗುಡ್ಡಗಳ ನಡುವೆ ಡೊಂಕುಡೊಂಕಾಗಿ ಓಡುತ್ತವೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪೇಸ್ ಒಂದು ಗುಡ್ಡ ಹತ್ತಿ ನೋಡಿ, ಪಟ್ಟಣ ರೋಮ್‌ನಷ್ಟು ದೊಡ್ಡದಾಗಿ ಕಾಣುತ್ತದೆ, ಆದರೆ ಗುಡ್ಡಗಳ ಮರೆಯಿಂದ ಪೂರಾ ಕಾಣುವುದಿಲ್ಲ ಎಂದ. ಒಬ್ಬನಿಗೆ ಹೆರಾತ್, ಇನ್ನೊಬ್ಬನಿಗೆ ರೋಮ್. ನಾನು ನಮ್ಮ ಮನೆಯನ್ನು ಬೆಟ್ಟದಷ್ಟು ಬರೆದದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ.

ಯುರೋಪಿನಲ್ಲಿ ಅಚ್ಚಾದ ಅಂದಿನ ಭೂಪಟಗಳಲ್ಲಿ ವಿಜಯನಗರ ರಾಜ್ಯಕ್ಕೆ ‘ನರಸಿಂಗ’ ಎಂಬ ಹೆಸರಿದೆ. ಸಾಳುವ ನರಸಿಂಹನ ಹೆಸರೇ ಕಡಲು ದಾಟಿ ರಾಜ್ಯದ ಹೆಸರಾಯಿತು. 1565ರಲ್ಲಿ ಪಟ್ಟಣ ಹಾಳಾದ ಮೇಲೂ ಆ ಹೆಸರು ಭೂಪಟಗಳಲ್ಲಿ ಉಳಿದಿತ್ತು. ನಕ್ಷೆ ನೆಲಕ್ಕಿಂತ ಹಿಂದೆ ಬೀಳುವುದು ಇಂದಿನ ಕಾಯಿಲೆಯಲ್ಲ.

ಸರಪಳಿ ಹಿಡಿದು ಬಂದವರು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ವರ್ಷವೇ ಕರ್ನಲ್ ಕಾಲಿನ್ ಮೆಕೆಂಜಿ ಹಂಪಿಯ ಅವಶೇಷಗಳ ಮೊದಲ ಸರ್ವೆ ನಕ್ಷೆ ಮಾಡಿಸಿದ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಿಂದ ಬಂದ ಈತ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅವನು ಗೆರೆಗಳಿಗೆ ಮಾತ್ರ ತೃಪ್ತನಾಗಲಿಲ್ಲ. ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ ಮೊದಲಾದ ಸಹಾಯಕರು ಊರೂರಿಗೆ ಹೋಗಿ ಗೌಡ, ಶಾನುಭೋಗ, ಪೂಜಾರಿಗಳನ್ನು ಕೇಳಿ ಆ ಊರಿನ ಕಥೆ ಬರೆದುಕೊಂಡರು. ಅವೇ ‘ಕೈಫಿಯತ್ತು’ಗಳು. ಇವುಗಳಲ್ಲಿ ಕನ್ನಡದವನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟಿದ್ದಾರೆ.

ಇಲ್ಲಿ ಒಂದು ವಿಭಜನೆ ಆಯಿತು. ಗೆರೆ, ಅಳತೆ, ಕೋನಗಳು ನಕ್ಷೆಗೆ ಹೋದವು. ಕಥೆ, ಹೆಸರು, ನೆನಪುಗಳು ಬೇರೆ ಕಟ್ಟಿಗೆ ಹೋದವು. ಗೆರೆ ಆಡಳಿತಕ್ಕೆ ಬೇಕಾಯಿತು, ಕಟ್ಟು ಗ್ರಂಥಾಲಯ ಸೇರಿತು.

ಅದೇ ಕಾಲಕ್ಕೆ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಒಂದು ನೇರ ಗೆರೆಯನ್ನು ಸರಪಳಿಯಿಂದ ಅಳೆದು, ಅದರ ಮೇಲೆ ತ್ರಿಕೋನಗಳನ್ನು ಕಟ್ಟುತ್ತ ದೇಶವನ್ನೇ ಅಳೆಯಲು ಹೊರಟ. ಒಂದು ಬದಿ ಮತ್ತು ಕೋನಗಳು ಗೊತ್ತಿದ್ದರೆ ಉಳಿದ ಬದಿಗಳನ್ನು ಲೆಕ್ಕದಿಂದ ತೆಗೆಯಬಹುದು ಎಂದು ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲಿ ಕಲಿಯುತ್ತೇವಲ್ಲ, ಅದೇ ಲೆಕ್ಕ. ಅವನ ಥಿಯೊಡೊಲೈಟ್ ಯಂತ್ರ ಅರ್ಧ ಟನ್ ತೂಕದ್ದು. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಮೇಲೆ ಏರಿಸುವಾಗ ಹಗ್ಗ ಹರಿದು ಅದು ಜಖಂ ಆಯಿತು; ಅವನು ಅದನ್ನು ಕೈಯಾರೆ ರಿಪೇರಿ ಮಾಡಿಕೊಂಡ. 1811ರಲ್ಲಿ ಬಳ್ಳಾರಿಯಾಚೆಯ ಗುತ್ತಿಯ ಬಳಿ ಇನ್ನೊಂದು ಆಧಾರ ಗೆರೆ ಅಳೆದು ತನ್ನ ಲೆಕ್ಕ ತಾಳೆ ನೋಡಿದ. ಅವನಿಗೆ ಬೇಕಿದ್ದದ್ದು ಬರೀ ದೇಶದ ಅಳತೆಯಲ್ಲ. ಭೂಮಿಯ ದುಂಡು ಎಷ್ಟು ಬಾಗಿದೆ ಎಂಬ ಲೆಕ್ಕ. ಆರ್ಯಭಟ ಕೇಳಿದ್ದ ಪ್ರಶ್ನೆಯೇ ಸರಪಳಿ ಹಿಡಿದು ನಮ್ಮ ಸೀಮೆಗೆ ವಾಪಸು ಬಂದಿತ್ತು.

ಹೊಳೆ ಗಡಿಯಾದ ಕಥೆ

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಅಂದಿನಿಂದ ತುಂಗಭದ್ರೆ ಗಡಿಯಾಯಿತು. ಹಂಪಿ ಮದರಾಸಿಗೆ, ಆನೆಗೊಂದಿ ಮತ್ತು ನಮ್ಮ ಊರು ಹೈದರಾಬಾದಿಗೆ. ಒಂದೇ ವಿಜಯನಗರ, ಒಂದೇ ಕಿಷ್ಕಿಂಧೆ ಎರಡು ಸರ್ಕಾರಗಳ ನಕ್ಷೆಗಳಲ್ಲಿ ಎರಡು ಅಂಚುಗಳಾದವು. ಈ ಕಡೆ ಹಾಲಿ ಸಿಕ್ಕಾ ರೂಪಾಯಿ, ಆ ಕಡೆ ಬ್ರಿಟಿಷರ ಕಲ್ದಾರ್ ರೂಪಾಯಿ. ಈ ಕಡೆ ಕಚೇರಿಯ ಭಾಷೆ ಉರ್ದು, ಆ ಕಡೆ ಇಂಗ್ಲಿಷ್. ಬೀಗರು ಮಾತ್ರ ಎರಡೂ ಕಡೆ ಇದ್ದರು. 1953ರ ಅಕ್ಟೋಬರಿನಲ್ಲಿ ಬಳ್ಳಾರಿ, 1956ರ ನವೆಂಬರಿನಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆ ಗಡಿ ಅಳಿಯಿತು. ಈಗ ಅದು ಜಿಲ್ಲೆಯ ಗಡಿ. 2021ರಿಂದ ಆಚೆ ದಡ ವಿಜಯನಗರ ಜಿಲ್ಲೆ.

ಆಡಳಿತದ ನಕ್ಷೆ ನಮ್ಮ ಮನೆಯೊಳಗೆ ಬಂದದ್ದು ಪಹಣಿಯ ರೂಪದಲ್ಲಿ. ತಹಶೀಲ್ದಾರ್, ನಕ್ಷೆ ಎಂಬ ಮಾತುಗಳು ಫಾರ್ಸಿ, ಅರಬ್ಬಿಯಿಂದ ಬಂದವು. ಗುಂಟೆ, ಆಣೆಗಳ ಹಿಂದೆ ಸರ್ವೆಯ ಸರಪಳಿ ಇದೆ. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ 1089 ಚದರಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಈ ಲೆಕ್ಕ ನಮ್ಮ ಮಕ್ಕಳಿಗೆ ಬರಲೇಬೇಕು. ಅಣ್ಣತಮ್ಮಂದಿರ ಪಾಲಿನಲ್ಲಿ ಒಂದು ಗುಂಟೆಗಾಗಿ ಎಷ್ಟು ಮನೆಗಳು ಮಾತು ಬಿಟ್ಟಿವೆ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲೂ ಒಂದು ಬದುವಿಗಾಗಿ ಆರು ವರ್ಷ ಮಾತಿರಲಿಲ್ಲ. ಕೊನೆಗೆ ಸರ್ವೆಯವರು ಬಂದು ಅಳೆದಾಗ ತಪ್ಪಿದ್ದದ್ದು ಎರಡು ಮಾರು ನೆಲ. ಆ ಆರು ವರ್ಷದಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡಿದ್ದರು. ನಕ್ಷೆ ಓದಲು ನಮ್ಮಲ್ಲಿ ಒಬ್ಬರಿಗಾದರೂ ಮೊದಲೇ ಬರುತ್ತಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನಕ್ಷೆಯಿಂದ ಅಳಿದ ಊರುಗಳೂ ಇವೆ. ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ನಾರಾಯಣದೇವರಕೆರೆಯಂಥ ದೊಡ್ಡ ಊರು ಮುಳುಗಿತು. ಇಂದು ನಕ್ಷೆಯಲ್ಲಿ ಅಲ್ಲಿ ನೀಲಿ ಬಣ್ಣ ಮಾತ್ರ. ಅದೇ ಅಣೆಕಟ್ಟಿನ ನೀರು ನಮ್ಮ ಗದ್ದೆಗಳಿಗೆ ಬಂತು. ನಮ್ಮ ಅನ್ನದ ನಕ್ಷೆಯ ಅಡಿಯಲ್ಲಿ ಬೇರೆಯವರ ಊರಿನ ನಕ್ಷೆ ಮುಳುಗಿದೆ ಎಂಬುದನ್ನು ನೆನಪಿನಲ್ಲಿಡಬೇಕು.

ಗೆರೆಯೊಳಗಿನ ನಾವು

1986ರಲ್ಲಿ ಹಂಪಿಯ ಸ್ಮಾರಕಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ತೂಗು ಸೇತುವೆಗಳ ಕಾರಣಕ್ಕೆ 1999ರಲ್ಲಿ ‘ಅಪಾಯದಲ್ಲಿರುವ’ ಪಟ್ಟಿಗೆ ಹೋಗಿ, 2006ರಲ್ಲಿ ಹೊರಬಂದವು. ಆನೆಗೊಂದಿಯ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. 2002ರ ಕಾಯ್ದೆಯಂತೆ ಬಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿ ಸುಮಾರು 236 ಚದರ ಕಿ.ಮೀ. ನಮ್ಮ ಊರೂ ಅದರೊಳಗಿದೆ. ಮನೆಗೆ ಒಂದು ಮಹಡಿ ಏರಿಸಬೇಕೆಂದರೂ, ಪ್ರವಾಸಿಗರಿಗೆ ನಾಲ್ಕು ಕೋಣೆ ಕಟ್ಟಬೇಕೆಂದರೂ ಆ ನಕ್ಷೆಯ ಗೆರೆ ಎಲ್ಲಿದೆ ಎಂದು ನೋಡಬೇಕು. 2020ರಲ್ಲಿ ವಿರುಪಾಪುರ ಗಡ್ಡೆಯ ರೆಸಾರ್ಟುಗಳು ನ್ಯಾಯಾಲಯದ ಆದೇಶದಂತೆ ತೆರವಾದಾಗ, ಗೆರೆಯ ಬೆಲೆ ಏನೆಂದು ಎಲ್ಲರಿಗೂ ತಿಳಿಯಿತು. ಸ್ಮಾರಕ ಉಳಿಯಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಗೆರೆಯೊಳಗೆ ಬದುಕುವವರು ಆ ಗೆರೆಯನ್ನು ಓದಲು ಬಲ್ಲವರಾಗಿರಬೇಕು. ಅದನ್ನು ಎಳೆಯುವ ಮಾತುಕತೆಯಲ್ಲಿ ನಕ್ಷೆ ಬಿಚ್ಚಿ ಪ್ರಶ್ನೆ ಕೇಳಬಲ್ಲವರಾಗಿರಬೇಕು.

ಇನ್ನು ಕಿಸೆಯಲ್ಲಿರುವ ನಕ್ಷೆಯ ವಿಷಯ. ನನ್ನ ಮದುವೆಯ ಕಾಲಕ್ಕೆ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಬಳಕೆಗೆ ಬಂದಿರಲಿಲ್ಲ. ಬೆಂಗಳೂರಿನಿಂದ ಬಂದ ಗೆಳೆಯರು ಫೋನಿನ ನಕ್ಷೆ ನಂಬಿ ಸಂಜೆ ಹೊತ್ತಿಗೆ ಹಂಪಿಯ ಹೊಳೆ ದಂಡೆಗೆ ಬಂದು ನಿಂತರು. ಊರು ಹತ್ತಿರವೇ ಎಂದು ಫೋನ್ ಹೇಳುತ್ತಿತ್ತು. ಹೊಳೆ ತುಂಬಿತ್ತು, ದೋಣಿ ನಿಂತಿತ್ತು. ಅವರು ಹೊಸಪೇಟೆ, ಮುನಿರಾಬಾದ್ ಸುತ್ತಿ ಮನೆ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ಅಜ್ಜಿ ಅವರಿಗೆ ನೀರು ಕೊಡುತ್ತ, ‘ಹೊಳಿ ಬಂದೈತಿ ಅಂತ ಆ ಡಬ್ಬಿಗೆ ಏನ್ ಗೊತ್ತು ತಮ್ಮಾ, ಒಂದ್ ಮಾತು ನಮ್ಮನ್ನ ಕೇಳಬೇಕಿತ್ತು’ ಎಂದಳು. ನಕ್ಷೆ ಕೆಲಸದಲ್ಲಿ ನಾನು ಕೇಳಿದ ಅತ್ಯುತ್ತಮ ಸಲಹೆ ಅದೇ.

ನಮ್ಮ ನಕ್ಷೆ ನಾವೇ ಬರೆಯೋಣ

ಅಶೋಕನಿಂದ ಯುನೆಸ್ಕೊವರೆಗೆ ನಮ್ಮ ನೆಲ ಎಲ್ಲರ ನಕ್ಷೆಯಲ್ಲೂ ಇದೆ. ನಾವು ಬರೆದ ನಕ್ಷೆ ಮಾತ್ರ ಇಲ್ಲ.

ಅಜ್ಜಿ ತೀರಿಕೊಳ್ಳುವ ಹಿಂದಿನ ವರ್ಷ ದೀಪಾವಳಿಗೆ ಬಂದಾಗ ಅವಳನ್ನು ಕೂರಿಸಿಕೊಂಡು, ನಮ್ಮೂರ ಹೊಲಗಳ ಹೆಸರು ಹೇಳು ಎಂದು ಕೇಳಿ ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡೆ. ಪಹಣಿಯಲ್ಲಿ ಬರೀ ಸರ್ವೆ ನಂಬರಾಗಿರುವ ತುಂಡುಗಳಿಗೆ ಅವಳು ಹುಣಸಿಗಿಡದ ಹೊಲ, ಕರಿಕಲ್ಲ ಪಟ್ಟಿ, ಮೇಲಿನ ತೂಬಿನ ಗದ್ದಿ ಎಂದು ಹೆಸರು ಹೇಳುತ್ತ ಹೋದಳು. ಆ ಹುಣಸಿಗಿಡ ನಾನು ಹುಟ್ಟುವ ಮೊದಲೇ ಬಿದ್ದಿತ್ತಂತೆ. ಅರ್ಧ ಗಂಟೆಯಲ್ಲಿ ನಲವತ್ತೊಂದು ಹೆಸರು. ‘ಇನ್ನೂ ಅದಾವ, ನಾಳೆ ಹೇಳ್ತೀನಿ’ ಎಂದಳು. ಮರುದಿನ ಬೆಳಿಗ್ಗೆ ನನ್ನ ರಜೆ ಮುಗಿದಿತ್ತು, ಬಸ್ಸು ಹಿಡಿದೆ. ಉಳಿದ ಹೆಸರುಗಳು ಅವಳ ಜೊತೆ ಹೋದವು.

ಆದ್ದರಿಂದ ಶಾಲೆಗೆ, ಊರಿನ ಹಿರಿಯರಿಗೆ ನನ್ನದೊಂದು ಬಿನ್ನಹ. ಈ ಸುವರ್ಣ ವರ್ಷದಲ್ಲಿ ಎಂಟನೇ ತರಗತಿಯ ಮಕ್ಕಳು ಮತ್ತೆ ಊರಿನ ನಕ್ಷೆ ಬರೆಯಲಿ. ಒಬ್ಬೊಬ್ಬರು ಒಬ್ಬೊಬ್ಬ ಹಿರಿಯರನ್ನು ಕೇಳಿ ಹೊಲ, ಗುಂಡು, ಬಾವಿ, ತೂಬು, ಕಾಲುದಾರಿ, ಹೊಳೆಯ ಮಡುಗಳ ಹೆಸರು ಬರೆದುಕೊಳ್ಳಲಿ. ಹೇಳಿದವರ ಹೆಸರನ್ನೂ ದಾಖಲಿಸಲಿ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ 2004ರಿಂದ ಇದೆ. ಯಾರು ಬೇಕಾದರೂ ಅದಕ್ಕೆ ಹೆಸರು ಸೇರಿಸಬಹುದು, ಕನ್ನಡದಲ್ಲೇ ಸೇರಿಸಬಹುದು, ಕಾಸು ಕೊಡಬೇಕಾಗಿಲ್ಲ. ಅದಕ್ಕೆ ಏರಿಸುವ ಕೆಲಸ ಕಲಿಸಲು ನಾನು ಬೇಸಿಗೆ ರಜೆಯಲ್ಲಿ ಬರುತ್ತೇನೆ. ಯಾವ ಹೆಸರು ಎಲ್ಲರಿಗೂ ಕಾಣಬೇಕು, ಯಾವುದು ಊರಲ್ಲೇ ಉಳಿಯಬೇಕು ಎಂಬುದನ್ನು ಊರವರು ಕುಳಿತು ತೀರ್ಮಾನಿಸಲಿ. ಕಾಗದದ ಮೇಲೆ ಬರೆದ ದೊಡ್ಡ ಪ್ರತಿಯೊಂದು ಶಾಲೆಯ ಗೋಡೆಯ ಮೇಲಿರಲಿ.

ಗುರುಗಳೇ, ಅಂದು ನೀವು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. ನಮ್ಮ ನಕ್ಷೆಗಳು ಒಂದಕ್ಕೊಂದು ಕೂಡಲಿಲ್ಲ, ಯಾಕೆಂದರೆ ನಾವು ಯಾರೂ ಪಕ್ಕದವರ ಹಾಳೆಯನ್ನು ಕೇಳಿ ನೋಡಿರಲಿಲ್ಲ. ಹರಿಗೋಲಿನ ಹುಡುಗನ ಬಂಡೆ, ಗದ್ದೆಯ ಹುಡುಗಿಯ ತೂಬು, ನನ್ನ ಮನೆ, ಇವೆಲ್ಲ ಒಂದೇ ಹಾಳೆಗೆ ಬಂದಿದ್ದರೆ ಅಂದೇ ಹನುಮನಹಳ್ಳಿಯ ನಕ್ಷೆ ಆಗುತ್ತಿತ್ತು. ಹೋಂವರ್ಕ್ ಒಪ್ಪಿಸಲು ಇಪ್ಪತ್ತು ವರ್ಷ ತಡವಾಯಿತು. ಕ್ಷಮೆ ಇರಲಿ.